ಸೋತವನ ವ್ಯೂಹ

ನಮ್ಮ ದಂಡೋತಿಯ ಬಾಲಕನೊಬ್ಬನು ಈ ವರ್ಷದ ಚದುರಂಗ ಪಂದ್ಯದಲ್ಲಿ ಕಪ್ಪು ಕಾಯಿ ಹಿಡಿದು, ಗ್ರುನ್‌ಫೆಲ್ಡ್ ರಕ್ಷಣೆಯೆಂಬ ತೀಕ್ಷ್ಣವಾದ ಆರಂಭವನ್ನು ಕೈಗೊಂಡು ಸೋತು ಬಂದನು. ಇಂಥ ಸಾಹಸದ ಆಟವನ್ನು ಮಕ್ಕಳಿಗೆ ಕಲಿಸಲಾಗದೆಂದು ಅಧ್ಯಾಪಕ ಮಿತ್ರರು ಕೆಲವರ ಮತ. ನನಗದು ಒಪ್ಪಿಗೆಯಿಲ್ಲ.

ಈ ವ್ಯೂಹದ ಮರ್ಮವಿಷ್ಟು: ಹಲಗೆಯ ನಡುವಣ ಮನೆಗಳನ್ನು ಎದುರಾಳಿಯ ಕಾಲಾಳುಗಳಿಗೆ ಬೇಕೆಂದೇ ಬಿಟ್ಟುಕೊಟ್ಟು, ಬಳಿಕ ಕುದುರೆ ಒಂಟೆಗಳಿಂದ ದೂರದಿಂದಲೇ ಆ ಕೋಟೆಯನ್ನು ಕೆಡಹುವುದು. ಒಂದು ನಡೆ ತಡವಾದರೂ ಕೋಟೆ ನಿಲ್ಲುತ್ತದೆ, ಕಪ್ಪು ಕೆಡುತ್ತದೆ. ವಿಯೆನ್ನಾದ ಗ್ರುನ್‌ಫೆಲ್ಡ್ 1922ರಲ್ಲಿ ಇದರಿಂದ ಆಲೆಖೀನನಂಥ ಪ್ರಚಂಡನನ್ನು ಮಣಿಸಿದುದರಿಂದ ಹೆಸರು ಅವನ ಪಾಲಾಯಿತು.

ಆದರೆ ಅದಕ್ಕೆ 67 ವರ್ಷ ಮೊದಲೇ, 1855ರ ಮೇ ತಿಂಗಳಲ್ಲಿ, ಕಲ್ಕತ್ತೆಯಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬ ನಮ್ಮವನು ನ್ಯಾಯವಾದಿ ಜಾನ್ ಕಾಕ್ರನ್ನನ ಎದುರು ಇದೇ ನಡೆಗಳನ್ನು ನಡೆಸಿದ್ದನು. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುವ ದೇಶೀ ಪದ್ಧತಿಯಿಂದ ಬಂದವನಾತ. ಒಂಟೆಯನ್ನು ಮೂಲೆಯ ಪಕ್ಕದಲ್ಲಿ ಹೂಡಿ ಕಾಯುವ ಈ ಚಾಲು ಆ ಸಂಸ್ಕಾರದ ಫಲವಾಗಿರಬಹುದೆಂದು ನನ್ನ ಊಹೆ. ಆಟವನ್ನು ಮಾತ್ರ ಅವನು ಸೋತನು. 18ನೆಯ ನಡೆಯಲ್ಲಿ ಕುದುರೆಯನ್ನು ಅಂಚಿಗಟ್ಟಿ ಎದುರಾಳಿಯ ಮಂತ್ರಿಯನ್ನು ಕೆಣಕಿದನು. ಕಾಕ್ರನ್ನನ ಬಳಿ ಅದಕ್ಕೆ ಮೂರೇ ನಡೆಗಳ ಉತ್ತರವಿತ್ತು: ಕುದುರೆ ಮಂತ್ರಿಗಳು ಒಮ್ಮೆಲೇ ಶಹ ಕೊಡುವುದು, ಮಂತ್ರಿಯನ್ನೇ ಬಲಿಯಿತ್ತು ಆನೆಯನ್ನು ರಾಜನ ಮಗ್ಗುಲಿಗೆ ಸೆಳೆಯುವುದು, ತನ್ನವರ ನಡುವೆಯೇ ಉಸಿರು ಕಟ್ಟಿದ ಆ ರಾಜನನ್ನು ಕುದುರೆಯಿಂದ ಕೆಡಹುವುದು. ವ್ಯೂಹದಲ್ಲಿ ದೋಷವಿರಲಿಲ್ಲ, ತಪ್ಪು ಆ 18ನೆಯ ನಡೆಯದು. ಇಂದಿಗೂ ಜಗಜ್ಜಟ್ಟಿಗಳು ಆ ವ್ಯೂಹವನ್ನು ಹೂಡುತ್ತಾರೆ.

ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಚದುರಂಗವನ್ನು ರಾಜವಿನೋದಗಳಲ್ಲಿ ಎಣಿಸಿದ್ದಾನೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದರು. ಕಾಗಿಣೆಯ ದಡದ ಹುಡುಗನಿಗೆ ಈ ಆಟ ಪರದೇಶಿಯಲ್ಲ. ಅವನು ಎಡವಿದುದೆಲ್ಲಿ? ಪುಸ್ತಕದ ನಡೆಗಳು ಮುಗಿದ ಮರುಕ್ಷಣದಲ್ಲಿ. ಅಮರವನ್ನು ಬಾಯಿಪಾಠ ಮಾಡಿ, ಅನ್ವಯ ಕೇಳಿದಾಗ ತಬ್ಬಿಬ್ಬಾದ ನಮ್ಮ ಬಾಲ್ಯದ ಪಾಡೂ ಅದೇ ಆಗಿತ್ತು. ಅದಕ್ಕಾಗಿ ಗುರುಗಳು ಅಮರವನ್ನು ಕಸಿದುಕೊಳ್ಳಲಿಲ್ಲ, ಅನ್ವಯವನ್ನು ಹೇಳಿಕೊಟ್ಟರು.

ಆದುದರಿಂದ ದಾನಿಗಳಲ್ಲಿ ನನ್ನ ವಿಜ್ಞಾಪನೆ: ಮುಂದಿನ ವರ್ಷ ಇನ್ನೊಂದು ಬೆಳ್ಳಿಯ ಬಟ್ಟಲು ಬೇಡ. ವಾರಕ್ಕೆರಡು ಸಂಜೆ ಮಕ್ಕಳೊಡನೆ ಕುಳಿತು, ಸೋತ ಆಟಗಳನ್ನು ನಡೆ ನಡೆಯಾಗಿ ಬಿಡಿಸಿ ಹೇಳಬಲ್ಲ ಒಬ್ಬ ಶಿಕ್ಷಕನನ್ನು ಕೊಡಿರಿ. ಮೊದಲ ಸಂಜೆಗೆ ಈ ಹುಡುಗನ ಆಟವನ್ನೇ ತೆಗೆದುಕೊಳ್ಳಲಿ. ಅವನು ಅದನ್ನು ಬರೆದಿಟ್ಟುಕೊಂಡಿದ್ದಾನೆ.