ಮಲೆನಾಡಿನಲ್ಲಿ ಸಣ್ಣ ಪ್ರಕಾಶನ: ಶಾಸ್ತ್ರದಾನದ ಜೊತೆಗೆ ಮಾರಾಟದ ಲೆಕ್ಕವೂ ಬೇಕು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಜೈನ ಇತಿಹಾಸಕ್ಕೆ ಸಂಬಂಧಿಸಿದ ಸಾಮಗ್ರಿಗೆ ಕೊರತೆಯಿಲ್ಲ. ಹೊಸನಗರ ತಾಲ್ಲೂಕಿನ ಹೊಂಬುಜ ಸಾಂತರರ ರಾಜಧಾನಿಯಾಗಿದ್ದ ಕ್ಷೇತ್ರ. ಅಲ್ಲಿನ ಪಂಚಕೂಟ ಬಸದಿಯನ್ನು 1077ರಲ್ಲಿ ಕಟ್ಟಿಸಿದ ಚಟ್ಟಲದೇವಿಯ ಹೆಸರು ಶಾಸನದಲ್ಲೇ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಅನಂತನಾಥ ಸ್ವಾಮಿಯ ಬಸದಿ ಇದೆ. ಈ ಮೂರೂ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿಯೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 8ನೇ ಸಂಪುಟದಲ್ಲಿ ಒಟ್ಟಿಗೆ ಪ್ರಕಟಿಸಿದರು. ಆಗ ಹೊಸನಗರವು ‘ನಗರ’ ತಾಲ್ಲೂಕಾಗಿತ್ತು.

ಇಷ್ಟಿದ್ದರೂ ಮನೆಯ ಮಕ್ಕಳು ಓದಬಹುದಾದ, ಅಂಗಡಿಗೆ ಹೋಗಿ ಕೇಳಿದರೆ ಸಿಗುವ ಕನ್ನಡ ಪುಸ್ತಕಗಳು ವಿರಳ. ಬರೆಯುವವರು ಇಲ್ಲವೆಂಬುದಕ್ಕಿಂತ ಬರೆದದ್ದನ್ನು ಅಚ್ಚು ಹಾಕಿಸಿ, ಮಾರಿ, ಮುಗಿದಾಗ ಮರುಮುದ್ರಿಸುವ ವ್ಯವಸ್ಥೆ ಇಲ್ಲವೆಂಬುದು ಇದಕ್ಕೆ ಮುಖ್ಯ ಕಾರಣ. ಊರಿನಲ್ಲೇ ಉಳಿದು ದುಡಿಯಬೇಕೆನ್ನುವ ಯುವಕ ಯುವತಿಯರಿಗೆ ಸಣ್ಣ ಪ್ರಕಾಶನ ಸಂಸ್ಥೆಯೊಂದು ದಾರಿಯಾಗಬಲ್ಲದೇ ಎಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ದಾನದ ಪರಂಪರೆ, ಅದರ ಮಿತಿ

ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಪರಂಪರೆ ನಮ್ಮದು. ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಆರಾಧನೆ, ವ್ರತೋದ್ಯಾಪನೆ, ಹಿರಿಯರ ಪುಣ್ಯಸ್ಮರಣೆಯ ಹೆಸರಿನಲ್ಲಿ ಪುಸ್ತಕ ಅಚ್ಚು ಹಾಕಿಸಿ ಹಂಚುವ ಪದ್ಧತಿ ಇಂದಿಗೂ ಇದೆ. ಅದರಿಂದ ಎಷ್ಟೋ ಪೂಜಾ ಪುಸ್ತಕಗಳು, ಸ್ತೋತ್ರಗಳು ಮನೆಮನೆ ತಲುಪಿವೆ.

ಆದರೆ ದಾನದ ಪುಸ್ತಕ ಸಮಾರಂಭದ ದಿನವೇ ಖಾಲಿಯಾಗುತ್ತದೆ. ಮರುದಿನ ಬೇಕೆಂದು ಕೇಳುವವರಿಗೆ ಸಿಗುವುದಿಲ್ಲ. ದಾನಿಗಳ ಸಂಕಲ್ಪ ಅಲ್ಲಿಗೆ ಪೂರ್ಣವಾದ್ದರಿಂದ ಮರುಮುದ್ರಣದ ಹೊಣೆ ಯಾರದ್ದೂ ಅಲ್ಲ. ಕರಡು ತಿದ್ದುವವರಿಗೆ, ಸಂಪಾದಕರಿಗೆ ಸಂಭಾವನೆ ಇಲ್ಲದಿರುವುದರಿಂದ ತಪ್ಪುಗಳೂ ಹಾಗೆಯೇ ಉಳಿಯುತ್ತವೆ. ಅತ್ತಿಮಬ್ಬೆಯೂ ಲಿಪಿಕಾರರಿಂದ ಬರೆಸಿಯೇ ಹಂಚಿದಳು ಎಂಬುದನ್ನು ಮರೆಯಬಾರದು. ಹಂಚುವ ಕೈ ಇರುವಂತೆ ತಯಾರಿಸುವ ಕೈಯೂ ಇರಬೇಕು.

ಹೆಗ್ಗೋಡಿನ ಉದಾಹರಣೆ

ಹಳ್ಳಿಯಲ್ಲಿದ್ದುಕೊಂಡು ಪುಸ್ತಕ ಪ್ರಕಟಿಸಲು ಸಾಧ್ಯವೇ ಎಂಬ ಅನುಮಾನಕ್ಕೆ ಉತ್ತರ ಸಾಗರ ತಾಲ್ಲೂಕಿನಲ್ಲೇ ಇದೆ. 1949ರಲ್ಲಿ ನೀನಾಸಂ ಹುಟ್ಟಿದ ಹೆಗ್ಗೋಡಿನಿಂದಲೇ ಕೆ.ವಿ. ಸುಬ್ಬಣ್ಣ ಅವರು ಅಕ್ಷರ ಪ್ರಕಾಶನವನ್ನು ನಡೆಸಿದರು. ಮೇಳಿಗೆಯವರಾದ ಯು.ಆರ್. ಅನಂತಮೂರ್ತಿ ಅವರಿಂದ ಹಿಡಿದು ಹೊಸ ತಲೆಮಾರಿನ ವಿವೇಕ ಶಾನಭಾಗರವರೆಗೆ ಅನೇಕರ ಕೃತಿಗಳು ಅಲ್ಲಿಂದ ಬಂದಿವೆ. ಜೈನಕವಿ ಶ್ರೀವಿಜಯನ ಹೆಸರಿನೊಂದಿಗೆ ನೆನೆಯುವ ಕವಿರಾಜಮಾರ್ಗವನ್ನು ಕುರಿತು ಸುಬ್ಬಣ್ಣನವರು ಬರೆದ ಪುಸ್ತಕಕ್ಕೆ 2003ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು.

ಹೆಗ್ಗೋಡಿನಲ್ಲಿ ಪ್ರಕಾಶನದ ಸುತ್ತ ನಾಟಕ, ಶಿಬಿರ, ಓದುಗರ ಬಳಗ ಇತ್ತು. ಪುಸ್ತಕಕ್ಕೆ ಮೊದಲೇ ಓದುಗರು ಇದ್ದರು. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯೂ ಚಂದಾದಾರರ ಬಲದ ಮೇಲೆ ನಿಂತಿತು. ಜೈನ ಸಮಾಜಕ್ಕೆ ಬಸದಿ, ಮಠ, ಮಹಿಳಾ ಸಮಾಜ, ಯುವಕ ಸಂಘಗಳೆಂಬ ಬಳಗ ಈಗಾಗಲೇ ಇದೆ. ಹೊಸದಾಗಿ ಕಟ್ಟಬೇಕಾದದ್ದು ಚಂದಾದಾರರ ಪಟ್ಟಿ ಮಾತ್ರ.

ಲೆಕ್ಕ ಹೀಗೆ ನಿಲ್ಲುತ್ತದೆ

ಒಂದು ಮಾದರಿ ಲೆಕ್ಕ ನೋಡೋಣ. 160 ಪುಟದ ಪುಸ್ತಕ, 500 ಪ್ರತಿ, ಬೆಲೆ 200 ರೂಪಾಯಿ. ಮುದ್ರಣಕ್ಕೆ ಪ್ರತಿಗೆ 80 ರೂಪಾಯಿಯಂತೆ 40,000. ಅಕ್ಷರ ಜೋಡಣೆ, ಕರಡು ತಿದ್ದುವಿಕೆ, ಮುಖಪುಟಕ್ಕೆ 20,000. ಒಟ್ಟು 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಲೇಖಕರ ಗೌರವಧನ ಶೇ 10, ಅಂದರೆ ಪ್ರತಿಗೆ 20 ರೂಪಾಯಿ.

ಅಂಗಡಿಗೆ ಶೇ 40 ರಿಯಾಯಿತಿ ಕೊಟ್ಟರೆ 120 ರೂಪಾಯಿ ಬರುತ್ತದೆ. ಗೌರವಧನ ಕಳೆದರೆ ಉಳಿಯುವುದು 100. ಐನೂರೂ ಪ್ರತಿ ಅಂಗಡಿಯಲ್ಲೇ ಮಾರಾಟವಾದರೂ 10,000 ರೂಪಾಯಿ ನಷ್ಟ. ಓದುಗರಿಗೆ ಶೇ 10 ರಿಯಾಯಿತಿಯಲ್ಲಿ ನೇರವಾಗಿ ಕೊಟ್ಟರೆ ಪ್ರತಿಗೆ 160 ಉಳಿಯುತ್ತದೆ. 250 ಪ್ರತಿ ನೇರವಾಗಿ, 200 ಪ್ರತಿ ಅಂಗಡಿಯಲ್ಲಿ ಹೋದರೆ ಹಾಕಿದ ಹಣ ಸರಿಯಾಗಿ ವಾಪಸಾಗುತ್ತದೆ. ಉಳಿದ 50 ಪ್ರತಿಗಳಲ್ಲಿ ವಿಮರ್ಶೆಗೆ, ಲೇಖಕರಿಗೆ, 1954ರ ಕಾಯ್ದೆಯಂತೆ ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಯ ನಾಲ್ಕು ಗ್ರಂಥಾಲಯಗಳಿಗೆ ಕೊಡಬೇಕು. ಪ್ರಕಾಶಕರ ದುಡಿಮೆಗೆ ಪ್ರತಿಫಲ ಸಿಗುವುದು ಎರಡನೇ ಮುದ್ರಣದಿಂದ. ಆಗ ಜೋಡಣೆ, ಮುಖಪುಟದ ವೆಚ್ಚ ಇರುವುದಿಲ್ಲ. ಹೀಗಾಗಿ ವರ್ಷಗಟ್ಟಲೆ ಬೇಡಿಕೆ ಇರುವ ವಿಷಯವನ್ನೇ ಆರಿಸಬೇಕು.

ಅಂಚೆ ಮತ್ತು ತೆರಿಗೆ

ಇತ್ತೀಚಿನ ಎರಡು ಬದಲಾವಣೆಗಳು ಸಣ್ಣ ಪ್ರಕಾಶಕರಿಗೆ ನೇರವಾಗಿ ತಟ್ಟಿವೆ. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ ನಿಲ್ಲಿಸಿದಾಗ ದೂರದ ಊರುಗಳಿಗೆ ಪುಸ್ತಕ ಕಳಿಸುವುದು ದುಬಾರಿಯಾಯಿತು. ಬಳಿಕ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಆರಂಭವಾಯಿತು. 300 ಗ್ರಾಂ ವರೆಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ. ಧಾರ್ಮಿಕ, ಸಾಂಸ್ಕೃತಿಕ ಪುಸ್ತಕಗಳಿಗೂ ಇದು ಅನ್ವಯ. ಮೇಲಿನ ಲೆಕ್ಕದ 160 ಪುಟದ ಪುಸ್ತಕ 300 ಗ್ರಾಂ ಒಳಗೇ ಬರುವುದರಿಂದ ಹೊಸನಗರದಿಂದ ಬೆಳಗಾವಿಗೋ ಬೆಂಗಳೂರಿಗೋ ಕಳಿಸುವುದು ಮತ್ತೆ ಕೈಗೆಟುಕುವಂತಾಗಿದೆ.

ತೆರಿಗೆಯದ್ದು ಬೇರೆ ಕಥೆ. 2025ರ ಸೆಪ್ಟೆಂಬರ್ 22ರಿಂದ ಮುದ್ರಣ ಕಾಗದದ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕೇಳಲು ಇದು ಸಮಾಧಾನಕರ. ಆದರೆ ಮಾರಾಟಕ್ಕೆ ತೆರಿಗೆ ಇಲ್ಲದಿರುವುದರಿಂದಲೇ ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ಹಿಂಪಡೆಯಲಾಗುವುದಿಲ್ಲ. ಆ ಹೊರೆ ಪುಸ್ತಕದ ಬೆಲೆಗೇ ಸೇರುತ್ತದೆ. ಪುಸ್ತಕ ಮಾತ್ರ ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ ಎಂಬುದಷ್ಟೇ ಅನುಕೂಲ. ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆ ಉಚಿತವಾಗಿ ನೀಡುತ್ತದೆ.

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿ ಬಂಡವಾಳ ಹೂಡುವುದು ಸರಿಯಲ್ಲ. ಆಯ್ಕೆ ಮತ್ತು ಹಣ ಪಾವತಿ ವರ್ಷಗಟ್ಟಲೆ ತಡವಾಗುತ್ತದೆ ಎಂಬುದು ಕನ್ನಡ ಪ್ರಕಾಶಕರ ಹಳೆಯ ಅಳಲು. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ನೀಡುವ ಪ್ರೋತ್ಸಾಹಧನವನ್ನು ಮಾತ್ರ ತಪ್ಪದೆ ಬಳಸಿಕೊಳ್ಳಬಹುದು.

ಯಾವ ಪುಸ್ತಕ, ಯಾರ ಹಕ್ಕು

ಪಂಪ, ರನ್ನ, ರತ್ನಾಕರವರ್ಣಿಯ ಮೂಲಕೃತಿಗಳಿಗೆ ಯಾರ ಹಕ್ಕೂ ಇಲ್ಲ. ಆದರೆ ಅವುಗಳ ಗದ್ಯಾನುವಾದ, ಟಿಪ್ಪಣಿ, ಪೀಠಿಕೆಗಳಿಗೆ ಅವುಗಳನ್ನು ಬರೆದವರ ಮರಣಾನಂತರ 60 ವರ್ಷ ಹಕ್ಕು ಇರುತ್ತದೆ. ತೀರ್ಥಹಳ್ಳಿಯ ಕುವೆಂಪು 1994ರಲ್ಲಿ ನಿಧನರಾದ್ದರಿಂದ ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇದೆ. ವಿದ್ವಾಂಸರ ಹಳೆಯ ಪುಸ್ತಕ ‘ಧಾರ್ಮಿಕ ಕೃತಿ’ ಎಂಬ ಕಾರಣಕ್ಕೆ ಕೇಳದೆ ಮರುಮುದ್ರಿಸುವುದು ಕಾನೂನಿಗೂ ಅಚೌರ್ಯ ಅಣುವ್ರತಕ್ಕೂ ವಿರುದ್ಧ.

ಮಲೆನಾಡಿನ ಪ್ರಕಾಶನ ಮೊದಲು ಮಾಡಬೇಕಾದ ಕೆಲಸ ಬೇರೆಯವರು ಮಾಡದಿರುವುದು: ಮೂರು ತಾಲ್ಲೂಕುಗಳ ಬಸದಿ ಮತ್ತು ಶಾಸನಗಳ ಸರಳ ಪರಿಚಯ, ಮಕ್ಕಳಿಗೆ ಜಿನದತ್ತರಾಯನ ಕಥೆ, ಹಿರಿಯ ಶ್ರಾವಿಕೆಯರ ನೋಂಪಿ ಹಾಡುಗಳು, ಚಾತುರ್ಮಾಸದ ಅಡುಗೆ, ಲಿಂಗನಮಕ್ಕಿ ಹಿನ್ನೀರಿಗೆ ಊರು ಬಿಟ್ಟವರ ನೆನಪು. ಇವುಗಳಲ್ಲಿ ಕೊನೆಯವು ಹಿರಿಯರ ಬಾಯಲ್ಲಿ ಮಾತ್ರ ಇವೆ. ಶಾಸನ ಇನ್ನೂ ನೂರು ವರ್ಷ ಕಾಯಬಲ್ಲದು; ಎಂಬತ್ತು ದಾಟಿದ ಅಜ್ಜಿಯ ಹಾಡು ಕಾಯುವುದಿಲ್ಲ.

ಸಮಾಜ ಮಾಡಬಹುದಾದದ್ದು

ದಾನಿಗಳು ಪುಸ್ತಕ ಹಂಚುವುದನ್ನು ನಿಲ್ಲಿಸಬೇಕಿಲ್ಲ. ತಾವೇ ಅಚ್ಚು ಹಾಕಿಸುವ ಬದಲು ಪ್ರಕಾಶಕರಿಂದ 100 ಪ್ರತಿ ಕೊಂಡು ಹಂಚಿದರೆ ಶಾಸ್ತ್ರದಾನದ ಪುಣ್ಯವೂ ಉಂಟು, ಪುಸ್ತಕ ಮರುವರ್ಷವೂ ಸಿಗುವಂತಾಗುತ್ತದೆ. ಮೇಲಿನ ಲೆಕ್ಕದಲ್ಲಿ ಇಂತಹ ಎರಡು ಮೂರು ಮನೆತನಗಳು ಸಿಕ್ಕರೆ ನೇರ ಮಾರಾಟದ ಭಾಗ ಅಲ್ಲಿಗೇ ಮುಗಿಯಿತು.

ಮಲೆನಾಡಿನ ಮಳೆಗಾಲದಲ್ಲಿ ಕಾಗದ ತೇವ ಹಿಡಿಯುತ್ತದೆ, ಬೂಸ್ಟು ಬರುತ್ತದೆ. ದೊಡ್ಡ ದಾಸ್ತಾನು ಇಡುವಂತಿಲ್ಲ. ಜ್ಯೇಷ್ಠ ಮಾಸದ ಶ್ರುತಪಂಚಮಿಯಂದು ಮುಂಗಡ ಚಂದಾ ಆರಂಭಿಸಿ, ಮಳೆಗಾಲದಲ್ಲಿ ಕರಡು ತಿದ್ದಿ, ದೀಪಾವಳಿಯ ನಿರ್ವಾಣೋತ್ಸವದ ಹೊತ್ತಿಗೆ ಅಚ್ಚು ಮುಗಿಸಿ, ಹೊಂಬುಜದ ವಾರ್ಷಿಕ ರಥೋತ್ಸವದಲ್ಲಿ ಮಳಿಗೆ ಹಾಕುವುದು ಇಲ್ಲಿನ ಹವಾಮಾನಕ್ಕೂ ಸಮಾಜದ ಪಂಚಾಂಗಕ್ಕೂ ಹೊಂದುವ ಕ್ರಮ. ಮೊದಲ ವರ್ಷ ಎರಡೇ ಪುಸ್ತಕ ಸಾಕು. ಮೂರನೇ ವರ್ಷವೂ ಆ ಎರಡು ಪುಸ್ತಕಗಳು ಕೇಳಿದವರಿಗೆ ಸಿಗುತ್ತಿದ್ದರೆ ಪ್ರಕಾಶನ ನಿಂತಿತೆಂದೇ ಅರ್ಥ.