ಹದಿನಾಲ್ಕು ಗಂಟೆಯ ಓದು ಯಾರ ಸಮಾಧಾನಕ್ಕೆ?

ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕಾಗಿ ನಡೆಯುವ ನೀಟ್ ಪರೀಕ್ಷೆಯ ತಯಾರಿ ಕುರಿತ ಮಾತು ಕರ್ನಾಟಕದ ಮನೆಗಳಲ್ಲಿ ಬಹುಮಟ್ಟಿಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ದಿನಕ್ಕೆ ಎಷ್ಟು ಗಂಟೆ ಓದಬೇಕು? ಹತ್ತು, ಹನ್ನೆರಡು, ಹದಿನಾಲ್ಕು ಎಂದು ಉತ್ತರ ಏರುತ್ತಲೇ ಹೋಗುವುದಕ್ಕೆ ಪಠ್ಯದ ವಿಸ್ತಾರವೊಂದೇ ಕಾರಣವಲ್ಲ. ಓದಿನಲ್ಲಿ ತಂದೆತಾಯಿಯ ಕಣ್ಣಿಗೆ ಬೀಳುವುದು, ವಸತಿ ಕಾಲೇಜುಗಳು ವೇಳಾಪಟ್ಟಿಯಲ್ಲಿ ಅಚ್ಚು ಹಾಕಿಸಿ ತೋರಿಸಬಹುದಾದದ್ದು ಗಂಟೆ ಮಾತ್ರ. ಅರ್ಥವಾದದ್ದೆಷ್ಟು, ನೆನಪಿನಲ್ಲಿ ಉಳಿದದ್ದೆಷ್ಟು ಎಂಬುದು ಹೊರಗಿನವರಿಗೆ ಕಾಣದ ಕಾರಣ, ಕಾಣುವುದನ್ನೇ ಅಳೆದು ಸಮಾಧಾನಪಡುವ ರೂಢಿ ಬೆಳೆದಿದೆ. ಲಕ್ಷಾಂತರ ರೂಪಾಯಿ ಶುಲ್ಕ ಕಟ್ಟಿದ ಪೋಷಕರಿಗೆ ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗಿನ ವೇಳಾಪಟ್ಟಿಯು ಕೊಟ್ಟ ಹಣಕ್ಕೆ ಸಿಕ್ಕ ರಶೀದಿಯಂತೆ ಕಾಣುವುದು ಸಹಜ.

ಪರೀಕ್ಷೆ ಕೇಳುವುದೇನು ಎಂಬುದನ್ನು ಮೊದಲು ನೋಡಬೇಕು. 2025ರಲ್ಲಿ ಹಳೆಯ ಮಾದರಿಗೆ ಮರಳಿದ ನೀಟ್‌ನಲ್ಲಿ 180 ಪ್ರಶ್ನೆಗಳಿಗೆ 180 ನಿಮಿಷ. ಭೌತವಿಜ್ಞಾನ ಮತ್ತು ರಸಾಯನವಿಜ್ಞಾನದಿಂದ ತಲಾ 45, ಜೀವವಿಜ್ಞಾನದಿಂದ 90 ಪ್ರಶ್ನೆಗಳು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಭೌತವಿಜ್ಞಾನದ ಲೆಕ್ಕಗಳು ಒಂದು ನಿಮಿಷದೊಳಗೆ ಬಗೆಹರಿಯುವುದು ಕಡಿಮೆಯಾದ್ದರಿಂದ, ಜೀವವಿಜ್ಞಾನದ ಉತ್ತರಗಳು ತಡವರಿಸದೆ ನೆನಪಿಗೆ ಬಂದವರಿಗೆ ಮಾತ್ರ ಆ ಲೆಕ್ಕಗಳಿಗೆ ಸಮಯ ಉಳಿಯುತ್ತದೆ. ಅಂದರೆ ಅಳೆಯಲ್ಪಡುವುದು ಓದಿದ ಪ್ರಮಾಣವಲ್ಲ, ಓದಿದ್ದನ್ನು ಬೇಗನೆ ತಪ್ಪಿಲ್ಲದೆ ಹೊರತೆಗೆಯುವ ಶಕ್ತಿ.

ಈ ಶಕ್ತಿಯ ವಿಷಯದಲ್ಲಿ ಮನಶ್ಶಾಸ್ತ್ರಕ್ಕೆ ಹೇಳಲು ಸಾಕಷ್ಟಿದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಅಮೆರಿಕದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಬಳಿಕ ನಡೆದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಮ್ಮೆ ಓದಿ, ಅದನ್ನು ಬದಿಗಿಟ್ಟು, ನೆನಪಿನಿಂದ ಬರೆಯಲು ಯತ್ನಿಸಿದವರು ಒಂದು ವಾರದ ಬಳಿಕ ಅವರನ್ನು ಹಿಂದೆ ಹಾಕಿದರು. ನೋಡದೆ ನೆನಪಿಸಿಕೊಳ್ಳುವ ಈ ಕ್ರಮವನ್ನು ಮರುಸ್ಮರಣೆ ಎನ್ನಬಹುದು. ಮರು ಓದು ಸುಲಭ, ಗಂಟೆಗಟ್ಟಲೆ ಮಾಡಬಹುದು, ಎಲ್ಲ ಗೊತ್ತಿದೆ ಎಂಬ ಭ್ರಮೆಯನ್ನೂ ಹುಟ್ಟಿಸುತ್ತದೆ. ಮರುಸ್ಮರಣೆ ಆಯಾಸ ತರುತ್ತದೆ, ಬಹಳ ಹೊತ್ತು ನಡೆಯುವುದಿಲ್ಲ. ಹದಿನಾಲ್ಕು ಗಂಟೆ ಓದಬಲ್ಲ ವಿದ್ಯಾರ್ಥಿ ಹೆಚ್ಚಿನ ಹೊತ್ತು ಸುಲಭದ ಓದನ್ನೇ ಓದುತ್ತಿರುತ್ತಾನೆ ಎಂಬ ಸಂಶಯಕ್ಕೆ ಆಧಾರ ಇಲ್ಲಿದೆ.

ಗಾಢ ಪ್ರಯತ್ನಕ್ಕೆ ದಿನದ ಮಿತಿಯೊಂದಿದೆ ಎಂಬುದು ಬೇರೆ ಕ್ಷೇತ್ರಗಳಲ್ಲೂ ಕಂಡುಬಂದಿದೆ. ಮನಶ್ಶಾಸ್ತ್ರಜ್ಞ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅತ್ಯುತ್ತಮ ವಾದಕರ ಏಕಾಂತ ಅಭ್ಯಾಸ ದಿನಕ್ಕೆ ಸರಾಸರಿ ಮೂರೂವರೆ ಗಂಟೆಯಷ್ಟಿತ್ತು, ಅದೂ ನಡುನಡುವೆ ಬಿಡುವಿನೊಂದಿಗೆ. ಹಗಲಿನ ಕಿರುನಿದ್ದೆಯೂ ಅವರಲ್ಲಿ ಹೆಚ್ಚಿತ್ತು. ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ 2014ರಲ್ಲಿ ಮರುಪರಿಶೀಲಿಸಿದಾಗ, ವಾರಕ್ಕೆ ಸುಮಾರು ಐವತ್ತು ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಕುಗ್ಗುತ್ತಿದ್ದುದೂ, ಎಪ್ಪತ್ತು ಗಂಟೆ ದುಡಿದವರ ಉತ್ಪಾದನೆ ಐವತ್ತಾರು ಗಂಟೆಯವರಿಗಿಂತ ಹೆಚ್ಚೇನೂ ಇಲ್ಲದಿದ್ದುದೂ ತಿಳಿದುಬಂದಿತು. ಪಿಟೀಲೂ ಮದ್ದುಗುಂಡೂ ನೀಟ್ ಅಲ್ಲ, ನಿಜ. ಆದರೆ ದಣಿದ ಮೆದುಳು ದಣಿದ ಕೈಗಿಂತ ಚೆನ್ನಾಗಿ ದುಡಿಯುತ್ತದೆಂದು ನಂಬಲು ಕಾರಣವೇನೂ ಇಲ್ಲ.

ನಾಲ್ಕು ಗಂಟೆ ಮಲಗಿದವನು ಪಾಸು, ಐದು ಗಂಟೆ ಮಲಗಿದವನು ಫೇಲು ಎಂಬ ಅರ್ಥದ ನಾಣ್ಣುಡಿ ಜಪಾನ್ ಮತ್ತು ಕೊರಿಯಾಗಳಲ್ಲಿ ಪ್ರವೇಶ ಪರೀಕ್ಷೆಗಳ ಜೊತೆಗೇ ಬೆಳೆದದ್ದು, ಅದರ ನಂಬಿಕೆ ಇಲ್ಲಿಯ ಹಾಸ್ಟೆಲುಗಳಿಗೂ ಹೊಸದಲ್ಲ. ವಿಜ್ಞಾನ ಹೇಳುವುದು ಇದರ ವಿರುದ್ಧ. ಕಲಿತ ಮೇಲೆ ಮಲಗಿದವರು ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುತ್ತಾರೆಂದು ಮನಶ್ಶಾಸ್ತ್ರಜ್ಞರಾದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಷ್ಟು ಹಿಂದೆಯೇ ತೋರಿಸಿದ್ದರು. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆಯ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಶಿಫಾರಸು. ಹದಿಹರೆಯದಲ್ಲಿ ದೇಹದ ದೈನಂದಿನ ಲಯ, ಅಂದರೆ ನಿದ್ದೆ ಎಚ್ಚರಗಳನ್ನು ನಿಯಂತ್ರಿಸುವ ಒಳಗಡಿಯಾರ, ತಡರಾತ್ರಿಯ ಕಡೆಗೆ ಜಾರುವುದರಿಂದ ಮುಂಜಾನೆ ನಾಲ್ಕೂವರೆಗೆ ಎಬ್ಬಿಸುವ ಹಾಸ್ಟೆಲಿನ ಗಂಟೆ ಕತ್ತರಿಸುವುದು ಸೋಮಾರಿತನವನ್ನಲ್ಲ, ನಿದ್ದೆಯನ್ನು.

ಆದ್ದರಿಂದ ಲೆಕ್ಕ ಕೂಡಿಸುವುದರಿಂದಲ್ಲ, ಕಳೆಯುವುದರಿಂದ ಆರಂಭವಾಗಬೇಕು. ಇಪ್ಪತ್ತನಾಲ್ಕರಲ್ಲಿ ನಿದ್ದೆಗೆ ಎಂಟು, ಸ್ನಾನ ಊಟ ತಿಂಡಿಗಳಿಗೆ ಎರಡೂವರೆ, ಪಿಯು ಕಾಲೇಜಿಗೆ ಏಳು, ಬಸ್ಸಿಗೆ ಒಂದು, ಸುಮ್ಮನಿರಲು ಅಥವಾ ಅಡ್ಡಾಡಲು ಒಂದು ಗಂಟೆ ಕಳೆದರೆ ಉಳಿಯುವುದು ನಾಲ್ಕೂವರೆ. ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವ ಹುಡುಗಿಗೆ ಮೂರೂವರೆಯೂ ಉಳಿಯಲಿಕ್ಕಿಲ್ಲ. ಆಕೆಗೆ ಹನ್ನೆರಡು ಗಂಟೆಯ ಉಪದೇಶ ಮಾಡುವುದು ಲೆಕ್ಕ ಬಾರದವರ ಮಾತು. ಮಾರ್ಚಿನಲ್ಲಿ ದ್ವಿತೀಯ ಪಿಯು ಪರೀಕ್ಷೆ ಮುಗಿದು ಮೇ ಮೊದಲ ವಾರದ ಹೊತ್ತಿಗೆ ನೀಟ್ ಬರುವ ನಡುವಿನ ವಾರಗಳಲ್ಲಿ, ಮತ್ತು ಲಾಂಗ್ ಟರ್ಮ್ ಎಂದು ಕರೆಯಲಾಗುವ, ಮರುಪರೀಕ್ಷೆಗಾಗಿ ಇಡೀ ವರ್ಷ ಮೀಸಲಿಟ್ಟವರ ತಯಾರಿಯಲ್ಲಿ, ಏಳೆಂಟು ಗಂಟೆ ಸಾಧ್ಯ, ಅದಕ್ಕಿಂತ ಹೆಚ್ಚಾದದ್ದರ ಲಾಭ ಅನುಮಾನದ್ದು.

ಪರೀಕ್ಷೆ ನಡೆಯುವುದು ಮಧ್ಯಾಹ್ನ ಎರಡರಿಂದ ಐದರವರೆಗೆ, ಬೇಸಿಗೆಯ ಬಿಸಿಲಿನಲ್ಲಿ, ಊಟದ ನಂತರ ಮನಸ್ಸು ಮಂಕಾಗುವ ಹೊತ್ತಿನಲ್ಲಿ. ರಾತ್ರಿ ಒಂದರವರೆಗೆ ಎಚ್ಚರವಿದ್ದು ಮಧ್ಯಾಹ್ನ ತೂಕಡಿಸುವವರು ವರ್ಷವಿಡೀ ತಪ್ಪು ವೇಳೆಗೆ ತಯಾರಾಗುತ್ತಿರುತ್ತಾರೆ. ಮಾದರಿ ಪರೀಕ್ಷೆಗಳನ್ನು ಅದೇ ವೇಳೆಗೆ ಬರೆದು, ಬರೆದ ಮೂರು ಗಂಟೆಯಷ್ಟೇ ಸಮಯವನ್ನು ತಪ್ಪುಗಳನ್ನು ವಿಂಗಡಿಸುವುದಕ್ಕೆ, ಅಂದರೆ ತಿಳಿಯದೆ ಆದದ್ದು ಯಾವುದು, ಅವಸರದಿಂದ ಆದದ್ದು ಯಾವುದು ಎಂದು ನೋಡುವುದಕ್ಕೆ, ಕೊಡುವುದು ಉಚಿತ. ವೇಳಾಪಟ್ಟಿಗಳಲ್ಲಿ ಸ್ಥಾನ ಸಿಗದೆ ಹೋಗುವುದು ಹೆಚ್ಚಾಗಿ ಇದಕ್ಕೇ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ಕೋಚಿಂಗ್ ತರಗತಿಗಳನ್ನು ದಿನಕ್ಕೆ ಐದು ಗಂಟೆಗೆ ಮಿತಿಗೊಳಿಸಿ, ವಾರದ ರಜೆಯನ್ನೂ ಅದರ ಮರುದಿನ ಪರೀಕ್ಷೆ ಇಡಬಾರದೆಂಬುದನ್ನೂ ಸೂಚಿಸಿದೆ. ಆದರೆ ಕಾಲೇಜೂ ಕೋಚಿಂಗೂ ಒಂದೇ ಸೂರಿನಡಿ ನಡೆಯುವ ಇಂಟಿಗ್ರೇಟೆಡ್ ಪಿಯು ವ್ಯವಸ್ಥೆಯಲ್ಲಿ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ, ವಾರ್ಡನ್ ಕಾವಲಿನ ಸ್ಟಡಿ ಅವರ್ ತರಗತಿಯ ಲೆಕ್ಕಕ್ಕೇ ಬಾರದು. ಹೀಗಿರುವಾಗ ವಿದ್ಯಾರ್ಥಿ ತನ್ನ ಮಿತಿಯನ್ನು ತಾನೇ ಹುಡುಕಬೇಕಾಗುತ್ತದೆ, ಅದು ಕಷ್ಟವೂ ಅಲ್ಲ: ಎರಡು ವಾರ, ದಿನದ ಓದಿನ ಪ್ರತಿ ಗಂಟೆಯಲ್ಲೂ ಒಂದೇ ಮಟ್ಟದ ಇಪ್ಪತ್ತು ಪ್ರಶ್ನೆಗಳನ್ನು ಬಿಡಿಸಿ ಸರಿಯುತ್ತರಗಳನ್ನು ಬರೆದಿಡುತ್ತ ಹೋದರೆ, ಎಷ್ಟನೆಯ ಗಂಟೆಯ ಬಳಿಕ ಅಂಕ ಕುಸಿಯತೊಡಗುತ್ತದೆಂಬುದು ಕಾಣುತ್ತದೆ. ಒಬ್ಬರಿಗೆ ಅದು ನಾಲ್ಕನೆಯದು, ಇನ್ನೊಬ್ಬರಿಗೆ ಏಳನೆಯದು. ಪಕ್ಕದ ಮನೆಯ ಮಗ ರ‍್ಯಾಂಕ್ ಬಂದ ವರ್ಷ ಎಷ್ಟು ಗಂಟೆ ಕೂತಿದ್ದನೆಂಬ ಸುದ್ದಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.