ಜರ್ಮನಿಯಿಂದ ಪತ್ರ – 23: ಹಳೇ ಬಾಟ್ಲಿ ಕೇಳಿದವರಿಗೆ

ಹೋದ ವಾರ ಜ್ಯೂರಾ ಫೋಟೋ ಹಾಕಿದ್ದೆ. ಫ್ರಾನ್ಸಿನ ಗುಡ್ಡಗಾಡು ಸೀಮೆ, ನಾವಿರೋ ಫ್ರೈಬುರ್ಗ್‌ನಿಂದ ಕಾರಲ್ಲಿ ಸುಮಾರು ಮೂರು ಗಂಟೆ. ಬಂದ ಮೆಸೇಜು ಎರಡೇ ಬಗೆ. "ಅಲ್ಲಿಗೆ ಹೋಗಿ ಕುಡಿಯೋದು ಕಲಿತ್ಯಾ?" ಇದಕ್ಕೆ ಉತ್ತರ ಅಮ್ಮನಿಗೆ ಫೋನಲ್ಲೇ ಕೊಟ್ಟಾಗಿದೆ. ಇನ್ನೊಂದು, "ಬರುವಾಗ ಹಳೇ ವೈನ್ ತಾ, ಹಳೇದಾದಷ್ಟೂ ಒಳ್ಳೇದಂತಲ್ಲ?"

ಈ ಮಾತು ಮುಕ್ಕಾಲು ಸುಳ್ಳು. ಬಹುಪಾಲು ವೈನು ಕೆಲವೇ ವರ್ಷದಲ್ಲಿ ಕುಡಿದು ಮುಗಿಸೋಕೆ ಮಾಡಿದ್ದು. ಅಕ್ಕಿ, ಹುಣಸೆಹಣ್ಣು ಹಳೇದಾದ್ರೆ ಬೆಲೆ ಜಾಸ್ತಿ, ನಿಜ. ಹಾಗಂತ ಕಡ್ಲೆಕಾಯಿ ಎಣ್ಣೆನ ವರ್ಷಗಟ್ಟಲೆ ಇಡ್ತೀವಾ? ಕಮಟು ಹೊಡೆಯುತ್ತೆ.

ಹಳೇದಾಗೋಕೆ ಅಂತಲೇ ಮಾಡೋ ವೈನೇ ಬೇರೆ. ಜ್ಯೂರಾದ "ವ್ಯಾಂ ಜೋನ್", ಅಂದ್ರೆ ಹಳದಿ ವೈನು, ಅಂಥದ್ದು. ಸವಾನ್ಯಾಂ ಅನ್ನೋ ಒಂದೇ ಜಾತಿ ದ್ರಾಕ್ಷಿ. ಮರದ ಪೀಪಾಯಿಯಲ್ಲಿ ಆರು ವರ್ಷಕ್ಕೂ ಮೇಲೆ ಇಡ್ತಾರೆ. ಆವಿಯಾಗಿ ಕಡಿಮೆಯಾದ್ರೆ ಬೇರೆ ಕಡೆ ಮತ್ತೆ ತುಂಬಿಸ್ತಾರೆ, ಇಲ್ಲಿ ಬೇಕಂತಲೇ ಬಿಡ್ತಾರೆ. ಮೇಲೆ ಯೀಸ್ಟು ಹಾಲಿನ ಕೆನೆ ಥರ ಪದರ ಕಟ್ಟಿ, ವೈನು ವಿನೆಗರ್ ಆಗದ ಹಾಗೆ ಕಾಯುತ್ತೆ. ಒಂದು ಲೀಟರಿನಲ್ಲಿ ಕೊನೆಗೆ ಉಳಿಯೋದು 620 ಮಿ.ಲೀ. ಅಂತ ಅವರ ಲೆಕ್ಕ. ಇದರ ಕುಳ್ಳ ಬಾಟ್ಲಿಯೂ ಅಷ್ಟೇ ಅಳತೆ.

ವಾಸನೆ ಹೇಗೆ? ನಗಬೇಡಿ, ಮೆಂತ್ಯ! ಅಕ್ರೋಟಿನ ಜೊತೆ ಮೆಂತ್ಯ ಹುರಿದ ಹಾಗೆ. ಸೋಟೊಲಾನ್ ಅನ್ನೋ ಒಂದೇ ವಸ್ತು ಎರಡರಲ್ಲೂ ಇದೆ. ಜೊತೆಗಿದ್ದ ಜರ್ಮನ್ ಗೆಳತಿ ಪದಕ್ಕೆ ತಡಕಾಡ್ತಿದ್ದಳು. ಸಾರಿನ ಪುಡಿ ಹುರಿಯೋ ಮನೇಲಿ ಬೆಳೆದ ನನಗೆ ಹುಡುಕೋದೇ ಬೇಕಾಗಲಿಲ್ಲ. ಅದಕ್ಕೇ ವೈನ್ ರುಚಿ ನೋಡೋದು ದುಡ್ಡಿದ್ದವರ ವಿದ್ಯೆ ಅನ್ನೋರನ್ನ ನಾನು ನಂಬಲ್ಲ. ಮಜ್ಜಿಗೆ ಮೂಸಿ ಎಷ್ಟು ದಿನದ್ದು ಅಂತ ಹೇಳ್ತಿದ್ದ ನಮ್ಮಜ್ಜಿಗೆ ಇದು ಒಂದೇ ದಿನದಲ್ಲಿ ಬಂದುಬಿಡ್ತಿತ್ತು.

ನನಗೆ ತುಂಬ ಹಿಡಿಸಿದ್ದು ಅಲ್ಲಿನ ಶಾತೋ-ಶಾಲೋಂ ಊರಿನವರ ಪಟ್ಟು. ಊರಿನ ಹೆಸರೇ ಈ ವೈನಿನ ಹೆಸರು. ದ್ರಾಕ್ಷಿ ಸರಿಬರದ ವರ್ಷ ಆ ಹೆಸರಲ್ಲಿ ಮಾರೋದೇ ಇಲ್ಲ. 1974, 1980, 1984, 2001, ಈ ವರ್ಷಗಳ ಬಾಟ್ಲಿಯೇ ಇಲ್ಲ. ನಷ್ಟ ಅವರದ್ದೇ ಅಲ್ವಾ? ಆದ್ರೂ ಮಾಡ್ತಾರೆ.

ಇನ್ನು "ಹಾರ್ಟಿಗೆ ಒಳ್ಳೇದಂತೆ" ಅನ್ನೋದು. ನರ್ಸಾಗಿ ಹೇಳ್ತೀನಿ, ಆ ನೆಪ ಬೇಡ. ಆಲ್ಕೋಹಾಲಿಗೆ ಸುರಕ್ಷಿತ ಅಳತೆ ಅನ್ನೋದೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಬಿ.ಪಿ. ಮಾತ್ರೆ ನುಂಗೋ ಚಿಕ್ಕಪ್ಪಂದಿರು ಇದನ್ನ ಎರಡು ಸಲ ಓದಿ. ನಾನು ಎರಡು ಗುಟುಕು ಕುಡಿದದ್ದು ರುಚಿಗೆ, ಔಷಧಿಗಲ್ಲ.

ಶಿವಮೊಗ್ಗದ ಮಾವ, ನಿಮ್ಮ ಶೋಕೇಸಿನಲ್ಲಿ ಎಂಟು ವರ್ಷದಿಂದ ನಿಂತಿರೋ ಕೆಂಪು ಬಾಟ್ಲಿ ಬಗ್ಗೆ: ವೈನನ್ನ ಮಲಗಿಸಿ, ಕತ್ತಲಲ್ಲಿ, 12-14 ಡಿಗ್ರಿ ತಂಪಲ್ಲಿ ಇಡಬೇಕು. ನಿಂತು ನಿಂತು ಕಾರ್ಕ್ ಒಣಗಿರುತ್ತೆ, ಎಂಟು ಬೇಸಿಗೆ ಬೇರೆ ಕಂಡಿದೆ. ಅದರ ಬೆಲೆ ಏರ್ತಾ ಇಲ್ಲ ಮಾವ. ಅತ್ತೆ ಆ ಜಾಗ ಗೊಂಬೆಗೆ ಕೇಳ್ತಿದ್ರಲ್ಲ, ಕೊಟ್ಟುಬಿಡಿ.